ಸ್ಟೋನ್‌ಹೆಂಜೋ, ಏವ್‌ಬರಿಯೋ?

ಲಂಡನ್ನಿನಿಂದ ಒಂದೇ ದಿನದ ಬಿಡುವು, ಇತಿಹಾಸಪೂರ್ವ ಕಾಲದವರು ಬಂಡೆಗಳನ್ನು ಸುತ್ತಲೂ ನೆಟ್ಟು ಮಾಡಿದ ಈ ಎರಡು ಕಲ್ಲುವೃತ್ತಗಳಲ್ಲಿ ಯಾವುದು ನೋಡಲಿ ಅಂತ ಕೇಳಿದ್ದೀರಿ. ಎರಡೂ ಇಂಗ್ಲೆಂಡಿನ ವಿಲ್ಟ್‌ಶೈರ್ ಕೌಂಟಿಯವೇ, 1986ರಲ್ಲಿ ಒಟ್ಟಿಗೇ ವಿಶ್ವ ಪರಂಪರೆಯ ಪಟ್ಟಿ ಸೇರಿದವು.

ಸ್ಟೋನ್‌ಹೆಂಜ್‌ಗೆ ಟಿಕೆಟ್ ಇದೆ, ಅಗ್ಗವೇನಲ್ಲ. ಏವ್‌ಬರಿಯ ಕಲ್ಲು ನೋಡಲು ದುಡ್ಡಿಲ್ಲ. ಕಾರು ನಿಲ್ಲಿಸಲು ಮಾತ್ರ ಕೊಡಬೇಕು.

ಹೋಗಿಬರಲು ಸ್ಟೋನ್‌ಹೆಂಜ್ ಸಲೀಸು. ಲಂಡನ್ನಿನ ವಾಟರ್‌ಲೂ ನಿಲ್ದಾಣದಿಂದ ಸಾಲ್ಸ್‌ಬರಿ ಊರಿಗೆ ಸುಮಾರು ಒಂದೂವರೆ ಗಂಟೆಯ ರೈಲು, ಅಲ್ಲಿಂದ ಬಸ್ಸು. ಮರಳುವಾಗ ಸಾಲ್ಸ್‌ಬರಿ ಕೆಥೆಡ್ರಲ್‌ನಲ್ಲಿ ರಾಜನ ಅಧಿಕಾರಕ್ಕೆ ಮಿತಿ ಹಾಕಿದ 1215ರ ಸನ್ನದು ಮ್ಯಾಗ್ನಾ ಕಾರ್ಟಾದ ಮೂಲಪ್ರತಿಯನ್ನೂ ನೋಡಬಹುದು. ಏವ್‌ಬರಿಗಾದರೆ ಸ್ವಿಂಡನ್‌ನಲ್ಲಿ ಇಳಿದು ಬಸ್ಸು ಕಾಯಬೇಕು.

ಇನ್ನು ನೋಟ. ಬಡಗಿ ಬಾಗಿಲ ಚೌಕಟ್ಟು ಜೋಡಿಸುವ ಹಾಗೆ, ಸ್ಟೋನ್‌ಹೆಂಜ್‌ನ ಅಡ್ಡಗಲ್ಲುಗಳನ್ನು ಕಂಬದ ತುದಿಯ ಗುಬಟಿಗೆ ತೂತು ಹೊಂದಿಸಿ ಕೂರಿಸಿದ್ದಾರೆ. ಕಲ್ಲಿನಲ್ಲಿ ಮರಗೆಲಸ! ಆದರೆ ಮಾಮೂಲಿ ಟಿಕೆಟ್ಟಿನವರು ದೂರದಿಂದಲೇ ಸುತ್ತು ಹಾಕಬೇಕು. ಏವ್‌ಬರಿಯ ಕಲ್ಲುಗಳು ಒರಟು, ಅಡ್ಡಗಲ್ಲಿಲ್ಲ. ವೃತ್ತ ಎಷ್ಟು ದೊಡ್ಡದೆಂದರೆ ಊರಿನ ರಸ್ತೆ, ಪಬ್ಬು ಎಲ್ಲ ಅದರೊಳಗೇ. ಬಂಡೆಯ ಬುಡದಲ್ಲಿ ಕುರಿ ಮೇಯುತ್ತಿರುತ್ತದೆ, ಪಕ್ಕದಲ್ಲೇ ನೀವು ಕಲ್ಲಿಗೆ ಕೈಯಿಟ್ಟು ನಿಲ್ಲಬಹುದು.

ಮೊದಲ ಸಲ, ಅದೂ ರೈಲಿನಲ್ಲಿ ಹೊರಟವರಿಗೆ ಸ್ಟೋನ್‌ಹೆಂಜ್. ಕಾರಿದೆ, ಜೊತೆಗೆ ಓಡಾಡಬೇಕೆನ್ನುವ ಮಕ್ಕಳಿದ್ದಾರೆ ಎಂದರೆ ಏವ್‌ಬರಿ. ಹಳೇ ಬೂಟು ಹಾಕಿಕೊಳ್ಳಿ, ಹುಲ್ಲಿನ ತುಂಬ ಕುರಿ ಹಿಕ್ಕೆ.