ದಬ್ಬಣದಿಂದ ತೆರೆದ ವೈನ್

ಮೂವತ್ತು ವರ್ಷ ಬ್ಯಾಡಗಿಯಲ್ಲಿ ಮೆಣಸಿನಕಾಯಿ ದಲಾಲಿ ಮಾಡಿದವನಿಗೆ ಕೆಂಪು ಬಣ್ಣದ ವಿಷಯದಲ್ಲಿ ಸ್ವಲ್ಪ ಸೊಕ್ಕು ಬಂದಿರುತ್ತದೆ. ನನಗೂ ಇದೆ. ಲಿಸ್ಬನ್ನಿನಲ್ಲಿ ಕೆಲಸ ಮಾಡುವ ಸೋದರಳಿಯ ಯುಗಾದಿಗೆ ಬಂದವನು ಒಂದು ಶೀಶೆ ಕೈಗಿಟ್ಟು, "ಮಾಮಾ, ಇದರ ಬಣ್ಣಕ್ಕೆ ಎಷ್ಟು ದರ ಕಟ್ಟುತ್ತೀರಿ?" ಎಂದು ಕೆಣಕಿ ಹೋದ. ಪೋರ್ಚುಗಲ್ಲಿನ ದೋರೊ ಕಣಿವೆಯ ಕೆಂಪು ವೈನ್, 2019ರ ಬೆಳೆ, ಮದ್ಯಾಂಶ ಶೇಕಡಾ 14. ಅಲ್ಲಿ ಹದಿನಾಲ್ಕು ಯೂರೋ ಕೊಟ್ಟನಂತೆ. ತೋಟದ ಹೆಸರು ನನ್ನ ನಾಲಿಗೆಗೆ ಹೊರಳಲಿಲ್ಲ, ಬಿಟ್ಟುಬಿಡಿ.

ಬಿರಡೆ ತೆಗೆಯುವ ಸ್ಕ್ರೂ ಕೊಡುವುದನ್ನು ಅವನು ಮರೆತಿದ್ದ. ಮನೆಯಲ್ಲಿ ಇದ್ದದ್ದು ಚೀಲ ಹೊಲಿಯುವ ದಬ್ಬಣ. ಚುಚ್ಚಿ, ತಿರುವಿ, ಎಳೆದು ನೋಡಿದೆ. ಬಿರಡೆ ಅರ್ಧಕ್ಕೆ ಮುರಿದು, ಉಳಿದರ್ಧ ಒಳಗೆ ಬಿದ್ದಿತು. ಕೈಗೆ ಬಂದ ತುಂಡನ್ನು ಹಿಸುಕಿದರೆ ಮತ್ತೆ ಮೊದಲಿನ ಆಕಾರಕ್ಕೇ ಬರುತ್ತದೆ. ಅದು ಮರದ ತೊಗಟೆ. ಮರ ಕಡಿಯದೆ ಒಂಬತ್ತು ವರ್ಷಕ್ಕೊಮ್ಮೆ ಸುಲಿಯುತ್ತಾರೆ, ಜಗತ್ತಿನ ಬಿರಡೆಯಲ್ಲಿ ಸುಮಾರು ಅರ್ಧ ಪಾಲು ಪೋರ್ಚುಗಲ್ಲಿನದ್ದೇ. ಇರಲಿ, ಚಹಾ ಸೋಸುವ ಜಾಲರಿಯಲ್ಲಿ ವೈನ್ ಸೋಸಿದೆ. ಮನೆಯಾಕೆ ಏನೂ ಅನ್ನಲಿಲ್ಲ, ಎದ್ದು ಹೋಗಿ ದೇವರ ಕೋಣೆಯ ಬಾಗಿಲನ್ನು ಮುಂದೆ ಮಾಡಿದಳು. ಆ ಜಾಲರಿಯಲ್ಲಿ ಮತ್ತೆ ಚಹಾ ಸೋಸಿಲ್ಲ.

ಮೊದಲ ಗುಟುಕು ನಿರಾಸೆ. ಮಾಳಿಗೆಯ ಮೇಲೆ ಸಂಜೆಯೂ ಕಾವು ಆರಿರಲಿಲ್ಲ, ಆ ಬಿಸಿಗೆ ಮದ್ಯದ ಆವಿ ಮೂಗಿಗೆ ಹೊಡೆದು ಕೆಮ್ಮಿನ ಔಷಧ ಕುಡಿದಂತಾಯಿತು. ಫೋನ್ ಮಾಡಿದರೆ ಅಳಿಯ ಬೈದ: "ಅರ್ಧ ತಾಸು ಫ್ರಿಜ್‌ನಲ್ಲಿಡಿ ಮಾಮಾ, ಹದಿನಾರು ಹದಿನೇಳು ಡಿಗ್ರಿಗೆ ಬರಲಿ." ಇಟ್ಟೆ. ಆಮೇಲೆ ಬೇರೆಯೇ ವೈನ್.

ಬಣ್ಣ ನೋಡಲು ಲೋಟವನ್ನು ನನ್ನ ಬಿಳಿ ಧೋತರದ ಮೇಲೆ ಓರೆ ಹಿಡಿದೆ. ನಡುವೆ ಕಪ್ಪು, ಅಂಚಿಗೆ ಬಂದಂತೆ ನೇರಳೆ ಹಣ್ಣಿನ ರಸ. ಬೆರಳಿಗೆ ಹಚ್ಚಿ ಉಜ್ಜಿದರೆ ಸುಲಭಕ್ಕೆ ಹೋಗಲಿಲ್ಲ. ಇದರಲ್ಲಿರುವ ಮುಖ್ಯ ದ್ರಾಕ್ಷಿ ತಳಿ ತೂರಿಗಾ ನಾಸಿಯೊನಾಲ್, ಕಾಳು ಸಣ್ಣ, ಸಿಪ್ಪೆ ದಪ್ಪ, ಬಣ್ಣವೆಲ್ಲ ಆ ಸಿಪ್ಪೆಯದ್ದು. ನಮ್ಮ ಬ್ಯಾಡಗಿಯ ಡಬ್ಬಿ ಮೆಣಸಿನಕಾಯಿಯೂ ಹಾಗೆಯೇ ತಾನೇ? ಖಾರ ಬೇಕಾದವನು ಗುಂಟೂರಿನ ಮಾಲು ಕೊಳ್ಳಲಿ, ಬಣ್ಣ ಬೇಕಾದವನು ಇಲ್ಲಿಗೇ ಬರಬೇಕು. ಒಪ್ಪಿದೆ, ಮೇಲ್ದರ್ಜೆಯ ಮಾಲು.

ವಾಸನೆಯಲ್ಲಿ ಮಾಗಿದ ಕವಳಿ ಹಣ್ಣು, ಹಿಂದೆ ಒಂದು ಲವಂಗ, ತೀರ ಕೊನೆಗೆ ಮಳೆ ಬಿದ್ದ ಫರಸಿ ಕಲ್ಲು. ಇದು ಕಲ್ಲಿನಲ್ಲೇ ಬೆಳೆದದ್ದು. ಪದರು ಪದರಾಗಿ ಸೀಳುವ ಕಲ್ಲಿನ ಕಡಿದಾದ ಗುಡ್ಡಗಳಿಗೆ ಮೆಟ್ಟಿಲು ಕಡಿದು ಬಳ್ಳಿ ನೆಟ್ಟಿದ್ದಾರೆ. ಪೋರ್ಟ್ ಎಂಬ ಅಲ್ಲಿನ ಸಿಹಿ ವೈನಿಗಾಗಿ ಆ ಸೀಮೆಗೆ 1756ರಲ್ಲೇ ಗಡಿ ಗುರುತಿಸಿದರು. ಈ ಹೆಸರು ಈ ಸೀಮೆಯ ಬೆಳೆಗೆ ಮಾತ್ರ ಎನ್ನುವ ಭೌಗೋಳಿಕ ಗುರುತು ಬ್ಯಾಡಗಿ ಮೆಣಸಿನಕಾಯಿಗೆ ಸಿಕ್ಕಿದ್ದು 2011ರಲ್ಲಿ. ನಾವು ನಿಧಾನದವರು.

ರುಚಿಯಲ್ಲಿ ಸಿಹಿ ಹುಡುಕಬೇಡಿ. ನೇರಳೆ ಹಣ್ಣು ತಿಂದ ಮೇಲೆ ನಾಲಿಗೆ ದಪ್ಪಗಾಗುತ್ತದಲ್ಲ, ಆ ಒಗರು. ಒಸಡನ್ನು ಹಿಡಿದುಕೊಳ್ಳುತ್ತದೆ, ನಿಧಾನಕ್ಕೆ ಬಿಡುತ್ತದೆ. ಮರದ ಪೀಪಾಯಿಯ ವಾಸನೆ ಮಾತ್ರ ನನಗೆ ತುಸು ಹೆಚ್ಚಾಯಿತು.

ಊಟದ ಜೊತೆ ಏನಾಗುತ್ತದೆ ಎಂಬುದೇ ನನಗೆ ಕುತೂಹಲ. ಮೆಣಸಿನಕಾಯಿಯನ್ನು ಅಮೆರಿಕದಿಂದ ಈ ಕಡೆಗೆ ತಂದವರು ಪೋರ್ಚುಗೀಸರೇ, ಅದಕ್ಕೂ ಮೊದಲು ನಮ್ಮಲ್ಲಿ ಖಾರವೆಂದರೆ ಕರಿಮೆಣಸು. ಅಂದ ಮೇಲೆ ಇವೆರಡೂ ಬೀಗರಂತೆ ಹೊಂದಬೇಕಲ್ಲ? ಹಸಿಮೆಣಸಿನಕಾಯಿಯ ಮಿರ್ಚಿ ಭಜಿ ಕಚ್ಚಿ ಒಂದು ಗುಟುಕು ಕುಡಿದೆ, ಬಾಯಿಗೆ ಬೆಂಕಿ ಬಿದ್ದಿತು. ಮದ್ಯ ಉರಿಯನ್ನು ಏರಿಸುತ್ತದೆ, ಒಗರು ಅದನ್ನು ಅಲ್ಲೇ ಕೂರಿಸುತ್ತದೆ. ರಂಜಕ ಅದಕ್ಕಿಂತ ಕಷ್ಟ, ಬೆಳ್ಳುಳ್ಳಿಯ ಮುಂದೆ ವೈನ್ ಕಬ್ಬಿಣ ನೆಕ್ಕಿದಂತೆ ಅನ್ನಿಸಿತು. ಆಮೇಲೆ ರೊಟ್ಟಿಯ ಮೇಲೆ ಶೇಂಗಾ ಹಿಂಡಿ, ಅದರ ನಡುವೆ ಗುಂಡಿ ಮಾಡಿ ಗಟ್ಟಿ ಮೊಸರು. ಮೊಸರು ಖಾರವನ್ನು ಹಿಡಿಯಿತು, ಶೇಂಗಾದ ಎಣ್ಣೆ ಒಗರನ್ನು ನುಣ್ಣಗೆ ಮಾಡಿತು. ಬಣ್ಣಕ್ಕೆಂದು ಬರೀ ಡಬ್ಬಿ ಕಾಯಿಯ ಪುಡಿ ಹಾಕಿದ ಎಣ್ಣೆಗಾಯಿಯ ಜೊತೆ ಇನ್ನೂ ಚೆಂದ. ಎರಡು ರೊಟ್ಟಿ ತಿನ್ನುವವನು ಮೂರು ತಿಂದೆ.

ಉಳಿದದ್ದನ್ನು ಸ್ಟೀಲ್ ಮುಚ್ಚಳದ ಬಾಟಲಿಗೆ ಸುರಿದು ಫ್ರಿಜ್‌ನಲ್ಲಿ ಉಪ್ಪಿನಕಾಯಿಯ ಹಿಂದೆ ಇಟ್ಟಿದ್ದೆ. ಮರುದಿನ ಪೀಪಾಯಿ ವಾಸನೆ ತಗ್ಗಿ, ಕವಳಿ ಹಣ್ಣು ಮುಂದೆ ಬಂದಿತ್ತು. ಮೂರನೆಯ ದಿನ ಹುಳಿ ಹಿಡಿಯಿತು, ಚೆಲ್ಲಿದೆ. ವಿಮಾನದಲ್ಲಿ ಬರುವವರಿಗೆ ಎರಡು ಲೀಟರ್ ತನಕ ಸುಂಕವಿಲ್ಲ. ದೀಪಾವಳಿಗೆ ಬರುವಾಗ ಎರಡು ಶೀಶೆ ತಾ, ಮೊದಲು ಸ್ಕ್ರೂ ಚೀಲಕ್ಕೆ ಹಾಕಿಕೋ ಎಂದು ಅಳಿಯನಿಗೆ ಹೇಳಿದ್ದೇನೆ. ಬದಲಿಗೆ ಅವನು ಕೇಳಿದ್ದು ಎರಡು ಕಿಲೋ ಡಬ್ಬಿ, ತೊಟ್ಟು ತೆಗೆದದ್ದು.