ಎರೆಗೊಬ್ಬರ ತರಿಸುವವರೇ, ಪ್ರತಿ ಮೂಟೆಯನ್ನೂ ಬಿಚ್ಚಿ ನೋಡದೆ ದುಡ್ಡು ಕೊಡಬೇಡಿ

ಚಳಿಗಾಲದ ತರಕಾರಿಗೆ ಇನ್ನೂ ಕುಂಡ ತುಂಬದವರು ದಯವಿಟ್ಟು ಇದನ್ನು ಓದಿ. ಮೈಸೂರಿನಲ್ಲಿ ಗೂಡ್ಸ್ ಆಟೋದಲ್ಲಿ ಮನೆ ಬಾಗಿಲಿಗೇ ಎರೆಗೊಬ್ಬರ ತಂದುಕೊಡುವವನೊಬ್ಬ, ಅರೆಬರೆ ಕೊಳೆತ ಸಗಣಿಯನ್ನು ಎರೆಗೊಬ್ಬರ ಅಂತ ನನಗೆ ಮಾರಿಹೋಗಿದ್ದಾನೆ. ಹೊಟ್ಟೆ ಉರಿಯುತ್ತಿದೆ, ಅದಕ್ಕೇ ಬರೆಯುತ್ತಿದ್ದೇನೆ.

ದಸರಾ ಮುಗಿದು ಮಳೆ ಕಡಿಮೆಯಾದ ಮೇಲೆ ನಮ್ಮ ಕಡೆ ಹೂಕೋಸು, ನವಿಲುಕೋಸು, ಕ್ಯಾರೆಟ್, ಬಟಾಣಿಗೆ ಒಳ್ಳೆ ಹದ. ಕೆಜಿಗೆ 18 ರೂಪಾಯಿಯಂತೆ 40 ಕೆಜಿಯ ಐದು ಮೂಟೆ ಹೇಳಿದ್ದೆ. ಒಟ್ಟು 3,600 ರೂಪಾಯಿ. ಅವನೇ ಒಂದು ಮೂಟೆ ಬಿಚ್ಚಿ, ಬೊಗಸೆ ತುಂಬಾ ಎತ್ತಿ ತೋರಿಸಿದ. ಕಪ್ಪಗೆ, ಟೀ ಪುಡಿಯ ಹಾಗೆ ಉದುರುದುರಾಗಿತ್ತು. "ದುಡ್ಡು ಹಾಕ್ಬಿಡಿ ಮೇಡಂ, ಇನ್ನೂ ಎರಡು ಮನೆಗೆ ಹೋಗ್ಬೇಕು" ಅಂದ. ಹಾಕಿದೆ.

ಆ ಮೂಟೆಯಲ್ಲಿ ಮೇಲಿನ ಒಂದು ಗೇಣು ಮಾತ್ರ ಎರೆಗೊಬ್ಬರ. ಕೆಳಗೆಲ್ಲಾ ಒದ್ದೆ ಉಂಡೆ, ಹುಲ್ಲಿನ ಕಡ್ಡಿ. ಕೈ ಹಾಕಿದರೆ ಒಳಗೆ ಬೆಚ್ಚಗಿತ್ತು. ಉಳಿದ ನಾಲ್ಕರಲ್ಲಿ ಆ ಮೇಲಿನ ಗೇಣೂ ಇರಲಿಲ್ಲ. ತಕ್ಷಣ ಫೋನ್ ಮಾಡಿದೆ.

"ಒದ್ದೆ ಇರಲೇಬೇಕು ಮೇಡಂ, ಹುಳ ಬದುಕಬೇಕಲ್ವಾ? ಉಂಡೆ ಒಡೆದು ಹಾಕಿ, ಏನೂ ಆಗಲ್ಲ."

ಅಷ್ಟು ಧೈರ್ಯವಾಗಿ ಹೇಳಿದ. ಇದನ್ನೇ ಕಸುಬು ಮಾಡಿಕೊಂಡಿರುವವನು ಹಾಗೆ ಹೇಳಿದರೆ ಯಾರಾದರೂ ನಂಬುತ್ತಾರೆ. ಒಡೆದು, ಕೆಂಪು ಮಣ್ಣು, ಬೇವಿನ ಹಿಂಡಿ ಸೇರಿಸಿ ಕುಂಡ ತುಂಬಿದೆ. ಸಸಿ ನೆಟ್ಟೆ.

ಮೊದಲು ಎಲೆಯ ಅಂಚು ಸುಟ್ಟಂತಾಯಿತು. ಆಮೇಲೆ ನವಿಲುಕೋಸಿನ ಸಸಿಗಳು ಒಂದೊಂದಾಗಿ ಬಾಡತೊಡಗಿದವು. ಬೆಳಿಗ್ಗೆ ನೀರು ಹಾಕಿದ್ದರೂ ಮಧ್ಯಾಹ್ನ ತಲೆ ಬಗ್ಗಿಸುತ್ತಿದ್ದವು. ಒಂದನ್ನು ಹಿಡಿದೆ, ಎಳೆಯುವುದೇ ಬೇಕಾಗಲಿಲ್ಲ. ಕೈಗೇ ಬಂತು. ಬೇರೇ ಇಲ್ಲ! ಮಣ್ಣು ಕೆದಕಿದರೆ ಬೆಳ್ಳಗೆ, ದಪ್ಪಗೆ, ಸುರುಟಿಕೊಂಡು ಮಲಗಿದ್ದ ಗೊಣ್ಣೆಹುಳು. ಕಂದು ತಲೆ, ತಲೆಯ ಹತ್ತಿರ ಆರು ಕಾಲು. ಪಕ್ಕದ ಕುಂಡದಲ್ಲೂ ಅದೇ. ಅದರ ಪಕ್ಕದ್ದರಲ್ಲೂ ಅದೇ.

ಫೋಟೋ ಕಳಿಸಿದೆ. ಬಂದ ಉತ್ತರ ಕೇಳಿ:

"ಅದು ಎರೆಹುಳು ಮರಿ ಮೇಡಂ. ಫ್ರೀಯಾಗಿ ಬಂದಿದೆ, ನಿಮ್ಮ ಅದೃಷ್ಟ."

ಎರೆಹುಳು ಮರಿ! ಎರೆಹುಳಕ್ಕೆ ಕಾಲಿರುತ್ತಾ? ಸಗಣಿ ಪೂರ್ತಿ ಕೊಳೆಯದಿದ್ದರೆ ದುಂಬಿ ಅದರಲ್ಲಿ ಮೊಟ್ಟೆ ಇಡುತ್ತದೆ, ಅದರಿಂದಲೇ ಈ ಹುಳು. ಗೊಬ್ಬರದ ವ್ಯಾಪಾರ ಮಾಡುವವನಿಗೆ ಇದು ಗೊತ್ತಿಲ್ಲ ಅಂದರೆ ನಾನು ನಂಬಲ್ಲ. ಗೊತ್ತಿದ್ದೇ ಹೇಳಿದ್ದಾನೆ. ಈ ಹೆಂಗಸಿಗೆ ಏನು ಗೊತ್ತಾಗುತ್ತೆ ಅಂತ ಹೇಳಿದ್ದಾನೆ. ಎಲ್ಲಕ್ಕಿಂತ ಜಾಸ್ತಿ ಉರಿದದ್ದು ಈ ಮಾತಿಗೇ.

ದುಡ್ಡು ವಾಪಸ್ ಕೇಳಿದ್ದಕ್ಕೆ, "ನೀವು ನೀರು ಜಾಸ್ತಿ ಹಾಕಿರ್ತೀರ" ಅಂದ. ಮತ್ತೆ ಕೇಳಿದರೆ, "ಊರಿಗೆಲ್ಲಾ ಕೊಡ್ತೀನಿ, ನೀವೊಬ್ಬರೇ ಕಂಪ್ಲೇಂಟ್ ಮಾಡೋದು." ಆಮೇಲೆ ಮೆಸೇಜ್ ನೋಡುತ್ತಾನೆ, ಉತ್ತರ ಕೊಡಲ್ಲ. ನನ್ನ ಅತ್ತಿಗೆ ನಾನು ತರಿಸಿದೆ ಅಂತ ತಾವೂ ಎರಡು ಮೂಟೆ ತರಿಸಿದ್ದರು. ಅವರ ಹೂಕೋಸೂ ಹೋಯಿತು. ಅವರು ಒಂದು ಮಾತೂ ಆಡಲಿಲ್ಲ, ನನಗೇ ಮುಖ ತೋರಿಸಲು ಆಗುತ್ತಿಲ್ಲ.

ಬಳಸದೆ ಉಳಿದಿದ್ದ ಒಂದು ಮೂಟೆಯನ್ನು ಬಿಸಿಲಿಗೆ ಹರವಿ ಒಣಗಿಸಿ ತೂಗಿದೆ. ತೂಕ ಹತ್ತಿರ ಹತ್ತಿರ ಅರ್ಧಕ್ಕೆ ಇಳಿದಿತ್ತು. 1985ರ ರಸಗೊಬ್ಬರ ನಿಯಂತ್ರಣ ಆದೇಶದ ಪ್ರಕಾರ ಎರೆಗೊಬ್ಬರದಲ್ಲಿ ತೇವ ಶೇ. 15ರಿಂದ 25ರೊಳಗೆ ಇರಬೇಕು, ಕೆಟ್ಟ ವಾಸನೆ ಇರಬಾರದು. ಅಂದರೆ ನೀರಿಗೂ ಕೆಜಿಗೆ 18 ರೂಪಾಯಿ ಕೊಟ್ಟಿದ್ದೇನೆ.

ದುಡ್ಡು ಹೋದರೆ ಹೋಗಲಿ, ಹದ ಹೋಯಿತಲ್ಲ! ಈಗ ಹೊಸದಾಗಿ ಬೀಜ ಹಾಕಿ, ಸಸಿ ಮಾಡಿ ಹೂಕೋಸು ನೆಟ್ಟರೆ ಹೂ ಕಟ್ಟುವ ಹೊತ್ತಿಗೆ ಬಿಸಿಲು ಏರುತ್ತದೆ. ಅದನ್ನು ಬಿಟ್ಟೆ. ಕುಂಡಗಳನ್ನೆಲ್ಲಾ ಸುರಿದು, ಹುಳು ಹೆಕ್ಕಿ, ಬೇರೆ ಮಣ್ಣು ತುಂಬಿ ಮೂಲಂಗಿ, ಮೆಂತ್ಯ ಹಾಕಿದ್ದೇನೆ. ಅವು ಬೇಗ ಬರುತ್ತವೆ. ಆ ಸಗಣಿ ಮೂಲೆಯಲ್ಲಿ ಕೊಳೆಯುತ್ತಿದೆ.

ನೀವು ತರಿಸುವುದಾದರೆ ಎಲ್ಲಾ ಮೂಟೆ ಬಿಚ್ಚಿಸಿ, ತಳದವರೆಗೆ ಕೈ ಹಾಕಿ. ಬಿಸಿ ಇದ್ದರೆ, ಸಗಣಿ ವಾಸನೆ ಬಂದರೆ ಇಳಿಸಲೇ ಬೇಡಿ. ಅವಸರ ಮಾಡಿದರೆ ಹೋಗು ಅನ್ನಿ. ಬಿಲ್ ಕೇಳಿ. ಕುಂಡ ತುಂಬುವ ಮುಂಚೆ ಅಡುಗೆಮನೆಯ ಮೆಂತ್ಯ ನಾಲ್ಕು ಕಾಳು ಅದರಲ್ಲಿ ಹಾಕಿ ನೋಡಿ, ನಾಲ್ಕೈದು ದಿನಕ್ಕೆ ಮೊಳಕೆ ಬರಬೇಕು.

ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿ ದೂರು ಕೊಟ್ಟಿದ್ದೇನೆ. ಇಂಥದೇ ಮೂಟೆ ನಿಮಗೂ ಬಂದಿದ್ದರೆ ಸುಮ್ನೆ ಇರಬೇಡಿ, ನೀವೂ ಕೊಡಿ. ನೀವೊಬ್ಬರೇ ಕಂಪ್ಲೇಂಟ್ ಮಾಡೋದು ಅಂತ ಅವನು ಇನ್ನೊಬ್ಬರಿಗೆ ಹೇಳುವ ಹಾಗೆ ಆಗಬಾರದು.