ಬಾಯ್ಲರ್ ಪ್ರೆಶರ್ ಪದೇ ಪದೇ ಇಳೀತಿದ್ರೆ ಈ ಬಾಯ್ಲರ್ ರಿಪೇರಿಯೋರನ್ನ ಕರೀರಿ (ರೆಡಿಂಗ್, ಇಂಗ್ಲೆಂಡ್)

ಐದಕ್ಕೆ ಐದು ಸ್ಟಾರ್. ರೆಡಿಂಗ್ ಸುತ್ತಮುತ್ತ ಇರೋ ನಮ್ಮ ಕನ್ನಡದೋರು ಯಾರಾದ್ರೂ ಕಾಂಬಿ ಬಾಯ್ಲರ್ (ಮನೆ ಬಿಸಿ ಮಾಡೋಕೂ ನಲ್ಲಿ ಬಿಸಿನೀರಿಗೂ ಒಂದೇ ಬಾಯ್ಲರ್) ಕಾಟ ಅನುಭವಿಸ್ತಿದ್ರೆ ಪೂರ್ತಿ ಓದಿ, ಹೊಸ ಬಾಯ್ಲರ್‌ಗೆ ದುಡ್ಡು ಸುರಿಯೋ ಮುಂಚೆ.

ನಮ್ಮನೇಲಿ ಬೆಳಗ್ಗೆ ಎದ್ದು ನೋಡಿದ್ರೆ ಪ್ರೆಶರ್ ಗೇಜ್ (ಅಳತೆ ಬಾರ್ ಲೆಕ್ಕದಲ್ಲಿ) ಮುಳ್ಳು ಅರ್ಧ ಬಾರ್‌ಗಿಂತ ಕೆಳಗೆ, ಬಾಯ್ಲರ್ ಬಂದ್, ರೂಮ್ ಬಿಸಿ ಮಾಡೋ ರೇಡಿಯೇಟರ್ ಎಲ್ಲಾ ತಣ್ಣಗೆ, ಡಿಸೆಂಬರ್ ಚಳೀಲಿ ಸಣ್ಣ ಮಗು ಬೇರೆ. ಫಿಲ್ಲಿಂಗ್ ಲೂಪ್ (ಬಾಯ್ಲರ್‌ಗೆ ನೀರು ತುಂಬೋ ಪೈಪ್) ವಾಲ್ವ್ ತಿರುಗಿಸಿ 1.2ಕ್ಕೆ ತಂದ್ರೆ, ಹೀಟಿಂಗ್ ಶುರುವಾದ ಸ್ವಲ್ಪ ಹೊತ್ತಿಗೇ ಮುಳ್ಳು 3ರ ಹತ್ರ ಹೋಗೋದು, ಆರಿದ್ಮೇಲೆ ಮತ್ತೆ ಪಾತಾಳಕ್ಕೆ. ಮೊದ್ಲು ಕರೆಸಿದ್ದ ಬೇರೆ ಕಂಪ್ನಿಯೋರು ಬಂದು ನೀರು ತುಂಬ್ಸಿ, ಬಾಯ್ಲರ್‌ಗೆ ವಯಸ್ಸಾಯ್ತು ಹೊಸದು ಹಾಕ್ಸಿ ಅಂತ ಕೊಟೇಶನ್ ಕೊಟ್ಟು ಹೋದ್ರು. ತುಂಬ್ಸಿದ ನೀರು ಎಲ್ಲಿಗೆ ಹೋಗ್ತಿದೆ ಅಂತ ನೋಡ್ಲೇ ಇಲ್ಲ! ಅದಕ್ಕೇ ನಂಗೆ ತುಂಬಾ ಸಿಟ್ಟು ಬಂದಿದ್ದು.

ಆಮೇಲೆ ಕರೆಸಿದ ಇವ್ರು, ನಾನು ಕೇಳೋ ಮುಂಚೆನೇ ಗ್ಯಾಸ್ ಕೆಲ್ಸಕ್ಕೆ ಬೇಕಾದ ನೋಂದಣಿ ಕಾರ್ಡ್, ಅಂದ್ರೆ ಗ್ಯಾಸ್ ಸೇಫ್ ಕಾರ್ಡ್ ತೋರ್ಸಿದ್ರು (ಯಾರೇ ಬಂದ್ರೂ ಕಾರ್ಡ್ ಹಿಂದುಗಡೆನೂ ನೋಡಿ, ಯಾವ್ಯಾವ ಕೆಲ್ಸ ಮಾಡ್ಬಹುದು ಅಂತ ಅಲ್ಲಿರತ್ತೆ). ಒಂದೊಂದು ರೇಡಿಯೇಟರ್ ವಾಲ್ವ್‌ಗೂ ಟಿಶ್ಯೂ ಒತ್ತಿ ನೋಡಿದ್ರು, ಎಲ್ಲಾ ಒಣ. ಆಮೇಲೆ ಸೀದಾ ಮನೆ ಹೊರಗೆ ಹೋಗಿ, ಬಾಯ್ಲರ್ ಇರೋ ಗೋಡೆಯಿಂದ ಈಚೆ ಬಂದಿರೋ ಸಣ್ಣ ತಾಮ್ರದ ಪೈಪ್ ತೋರ್ಸಿದ್ರು. ತೊಟ್ಟಿಕ್ತಿತ್ತು, ಕೆಳಗೆ ಇಟ್ಟಿಗೆ ಮೇಲೆ ಬಿಳೀ ಕಲೆ ಕಟ್ಟಿತ್ತು.

ಅವ್ರು ವಿವರಿಸಿದ್ದು ಹೀಗೆ. ನೀರು ಕಾದಾಗ ಹಿಗ್ಗತ್ತೆ, ಆ ಹಿಗ್ಗಿಗೆ ಜಾಗ ಕೊಡೋಕೇ ಎಕ್ಸ್‌ಪಾನ್ಷನ್ ವೆಸೆಲ್ ಅಂತ ಒಂದಿರತ್ತೆ, ಒಳಗೆ ರಬ್ಬರ್ ಪೊರೆ, ಒಂದು ಕಡೆ ನೀರು ಇನ್ನೊಂದು ಕಡೆ ಗಾಳಿ. ಗಾಳಿ ಹೋಗ್ಬಿಟ್ರೆ ಪ್ರೆಶರ್ 3 ಬಾರ್ ಮುಟ್ಟಿ ಸೇಫ್ಟಿ ವಾಲ್ವ್ ತೆರ್ಕೊಂಡು ನೀರನ್ನ ಆ ಪೈಪಲ್ಲಿ ಆಚೆ ತಳ್ಳತ್ತೆ, ಆರಿದ್ಮೇಲೆ ಒಳಗೆ ಉಳಿದಿರೋ ನೀರು ಸಾಕಾಗಲ್ಲ. ಬಾಯ್ಲರ್ ನೀರು ಇಳಿಸಿ, ಕಾರ್ ಟೈರಿಗಿರೋ ಥರದ್ದೇ ವಾಲ್ವ್‌ಗೆ ಗೇಜ್ ಹಾಕಿದ್ರು, ಗಾಳಿ ಹೆಚ್ಚುಕಮ್ಮಿ ಸೊನ್ನೆ. ಅಲ್ಲಿಂದ ನೀರು ಬಂದಿದ್ರೆ ಪೊರೆ ಹರಿದಿದೆ ಅಂತ ಅರ್ಥ, ವೆಸೆಲ್ಲೇ ಬದಲಾಯಿಸ್ಬೇಕಿತ್ತು, ನಮ್ದು ಬರ್ಲಿಲ್ಲ. ಹ್ಯಾಂಡ್ ಪಂಪಲ್ಲಿ ಮ್ಯಾನ್ಯುಯಲ್ ಹೇಳಿದಷ್ಟು ಗಾಳಿ ತುಂಬಿದ್ರು. ಸೇಫ್ಟಿ ವಾಲ್ವೂ ಹೊಸದು ಹಾಕಿದ್ರು, ಒಂದ್ಸಲ ತೆರೆದ್ರೆ ಕಸ ಕೂತು ಮತ್ತೆ ಸರಿಯಾಗಿ ಮುಚ್ಚದೇ ಇರ್ಬಹುದಂತೆ. ಪದೇ ಪದೇ ಹೊಸ ನೀರು ತುಂಬಿದ್ರಿಂದ ತುಕ್ಕು ತಡೆಯೋ ಇನ್ಹಿಬಿಟರ್ ದ್ರವ ತೆಳುವಾಗಿರತ್ತೆ, ಒಳಗೆ ತುಕ್ಕು ಹಿಡಿಯತ್ತೆ ಅಂತ ಅದನ್ನೂ ಹಾಕಿದ್ರು. ಈಗ ತಣ್ಣಗಿದ್ದಾಗ 1.3, ಬಿಸಿಯಾದಾಗ 1.8, ಅಷ್ಟೇ.

ನೀರು ತುಂಬೋದು, ರೇಡಿಯೇಟರ್ ಗಾಳಿ ಬಿಡೋದು ನೀವೇ ಮಾಡ್ಕೊಳಿ, ಬಾಯ್ಲರ್ ಕವರ್ ಮಾತ್ರ ಬಿಚ್ಚೋಕೆ ಹೋಗ್ಬೇಡಿ. ಚಳಿಗಾಲದಲ್ಲಿ ಇವ್ರ ಅಪಾಯಿಂಟ್‌ಮೆಂಟ್ ಸಿಗೋದು ಕಷ್ಟ, ಕೆಲ್ಸದಲ್ಲಿದ್ರೆ ಫೋನ್ ಎತ್ತಲ್ಲ. ಗೇಜ್ ಫೋಟೋ ತಣ್ಣಗಿದ್ದಾಗೊಂದು ಬಿಸಿ ಇದ್ದಾಗೊಂದು ತೆಗೆದು ಮೆಸೇಜ್ ಮಾಡಿ, ಸಂಜೆ ಅವ್ರೇ ವಾಪಸ್ ಫೋನ್ ಮಾಡ್ತಾರೆ.